ನನಗೊಬ್ಬಳಿಗೆ ತೋರಿಸಲಿಲ್ಲ

ಹೂಮೀನಿನ ಮೈಯಲ್ಲಿ ಇನ್ನೂರಿಪ್ಪತ್ತೆರಡು ಮುಳ್ಳಿರುತ್ತವೆ. ಕಣ್ಣು ಮುಚ್ಚಿಕೊಂಡು ಒಂದೂ ಬಿಡದೆ ತೆಗೆಯಬಲ್ಲೆ. ಜಿಯಾಲಿ ಪೇಟೆಯ ಮಾರ್ಕೆಟ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ನನ್ನ ಕಸುಬು. ಹೊಟ್ಟೆ ಸೀಳುವುದು, ಕರುಳು ಒಂದು ಬಟ್ಟಲಿಗೆ, ಈಲಿ ಒಂದು ಬಟ್ಟಲಿಗೆ, ಪಿತ್ತ ಒಡೆಯದ ಹಾಗೆ ಹಿಡಿದು ಬಕೆಟ್ಟಿಗೆ. ಇಷ್ಟೆಲ್ಲ ಬಲ್ಲ ಹೆಂಗಸಿಗೆ ತನ್ನ ಹೊಟ್ಟೆಯಲ್ಲಿ ಏನಿದೆ, ಏನಿಲ್ಲ ಎಂಬುದು ಒಂಬತ್ತು ವರ್ಷ ಗೊತ್ತಿರಲಿಲ್ಲ. ನಗು ಬಂದರೆ ನಕ್ಕುಬಿಡಿ. ಗೊತ್ತಾದ ದಿನ ನಾನೂ ನಕ್ಕೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

ನನ್ನ ಹೆಸರು ಲುವಾನ್, ವಯಸ್ಸು ಐವತ್ತೊಂದು. ಮಾರ್ಕೆಟ್ಟಿನವರು ಸಲುಗೆಯಿಂದ ಕರೆಯುವುದು ಆ-ಲುವಾನ್. ನನ್ನ ಬಾಯಿ ನನ್ನ ಕತ್ತಿಗಿಂತ ಹರಿತ ಎಂದು ಎದುರಿನ ತೋಫು ಅಂಗಡಿಯವಳು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಅದು ಸುಳ್ಳೇನಲ್ಲ. ನನ್ನ ಪಕ್ಕದ ಮೀನು ಕೊಯ್ಯುವ ಮಣೆ ಅಕ್ಕ ಬಾವ್‌ಜುವಾನಳದು. ನನಗಿಂತ ಏಳು ವರ್ಷ ದೊಡ್ಡವಳು. ನನಗೆ ಹದಿಮೂರಾಗಿದ್ದಾಗ ಅಮ್ಮ ಹೊಟ್ಟೆಯೊಳಗೆ ಕ್ಯಾನ್ಸರಾಗಿ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ಮದುವೆ ಮಾಡಿ ಕಳಿಸಿದವಳು ಈ ಅಕ್ಕನೇ. ನನ್ನ ಗಂಡ ಕುನ್‌ಮಾವ್, ನನ್ನ ಬಾಯಲ್ಲಿ ಆ-ಕುನ್, ಕಡಲಂಚಿನ ಹೊಂಡಗಳಿಂದ ಮೀನು ತುಂಬಿಕೊಂಡು ಲಾರಿಯಲ್ಲಿ ಮಾರ್ಕೆಟ್ಟಿಗೆ ತರುತ್ತಾನೆ. ಒಬ್ಬ ಮಗಳು, ಮದುವೆಯಾಗಿ ತೈಚುಂಗ್‌ನಲ್ಲಿದ್ದಾಳೆ. ಇಷ್ಟೇ ನಮ್ಮ ಸಂಸಾರ.

ಈ ವರ್ಷ ಹಿರಿಯರ ಸಮಾಧಿ ಗುಡಿಸುವ ಹಬ್ಬ ಮುಗಿದ ವಾರದಲ್ಲಿ, ಮೀನಿನ ಲೋಳೆ ಬಿದ್ದ ನೆಲದ ಮೇಲೆ ಕಾಲು ಜಾರಿತು. ಸುಮ್ಮನೆ ಕೈಯೂರಿದೆ, ಅಷ್ಟೆ. ಮಣಿಕಟ್ಟು ಪಟಕ್ಕೆಂದಿತು. ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು, “ಇಷ್ಟಕ್ಕೆಲ್ಲ ಮೂಳೆ ಮುರಿಯಲ್ಲಮ್ಮ” ಎಂದು ಇನ್ನೊಂದು ಯಂತ್ರದ ಕೆಳಗೆ ಮಲಗಿಸಿದರು. ನನ್ನ ಮೂಳೆ ಎಪ್ಪತ್ತೈದರ ಮುದುಕಿಯ ಮೂಳೆಯಂತೆ. ಪ್ಲಾಸ್ಟರು ಹಾಕಿ, ಚೀಟಿ ಬರೆದು, ಹೆಂಗಸರ ವಿಭಾಗದ ಡಾಕ್ಟರ್ ವೆಯ್ ಬಳಿಗೆ ಕಳಿಸಿದರು.

ಡಾಕ್ಟರ್ ವೆಯ್ ಎಳೆಯ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ರಕ್ತದ ವರದಿ ನೋಡಿದವಳು ಕನ್ನಡಕ ತೆಗೆದಿಟ್ಟು ಕೇಳಿದಳು.

“ಚಿಕ್ಕಮ್ಮ, ಅಂಡಾಶಯ ಯಾವಾಗ ತೆಗ್ಸಿದ್ರಿ?”

“ಅಂಡಾಶಯ ಯಾಕೆ ತೆಗೀತಾರೆ? ನಂದು ಗರ್ಭಕೋಶ ತೆಗೆದಿದ್ದು. ಗಡ್ಡೆ ಆಗಿ ತಿಂಗಳಿಗೆ ಹದಿನೈದು ದಿನ ರಕ್ತ ಹೋಗ್ತಿತ್ತು. ನಲವತ್ತೆರಡಕ್ಕೆ ಆಪರೇಷನ್ ಆಯ್ತು.”

“ಮೈಯೆಲ್ಲ ಬಿಸಿ ಏರೋದು, ಬೆವರೋದು, ನಿದ್ದೆ ಹತ್ತದೇ ಇರೋದು, ಇವೆಲ್ಲ ಯಾವಾಗ ಶುರುವಾಯ್ತು?”

“ಆಪರೇಷನ್ ಆಗಿ ಎರಡನೇ ವಾರಕ್ಕೇ. ಹೊಲಿಗೆ ಇನ್ನೂ ಬಿಚ್ಚಿದ್ರೋ ಇಲ್ವೋ, ಒಲೆ ಮೇಲೆ ಕೂರಿಸಿದ ಹಾಗಾಗೋದು. ಅಕ್ಕ ಹೇಳಿದ್ಲು, ಗರ್ಭಕೋಶ ತೆಗೆದೋರಿಗೆಲ್ಲ ಹೀಗೇ ಅಂತ.”

ಅವಳು ಬರೆದುಕೊಂಡಳು. ಆಮೇಲೆ ಮೆಲ್ಲಗೆ, “ಗಂಡನ ಜೊತೆ?” ಎಂದಳು.

“ಗಂಡನ ಜೊತೆ ಏನು ಬಂತು ಡಾಕ್ಟ್ರೇ, ನನ್ನ ಮಣೆ ಮೇಲೆ ಬಿದ್ದಿರೋ ಮೀನಿಗೂ ನನಗಿಂತ ಜಾಸ್ತಿ ಚುರುಕಿರುತ್ತೆ.”

ಮಾರ್ಕೆಟ್ಟಿನಲ್ಲಿ ಈ ಮಾತು ಹೇಳಿದ್ದರೆ ಹತ್ತು ಜನ ನಗುತ್ತಿದ್ದರು. ಅವಳು ನಗಲಿಲ್ಲ. “ಮುಂಚಿನಿಂದಲೂ ಹಾಗೇನಾ?” ಎಂದು ಕೇಳಿದಳು.

ಮುಂಚಿನಿಂದಲೂ ಹಾಗಿರಲಿಲ್ಲ. ನಾನೇನು ಸನ್ಯಾಸಿನಿಯಾಗಿರಲಿಲ್ಲ. ನಮ್ಮ ಕೆಲಸ ಬೆಳಗಿನ ಜಾವಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತದೆ; ಗಂಡ ಹೆಂಡತಿಗೆ ಸಿಗುವುದು ಮಧ್ಯಾಹ್ನವೇ. ಆ-ಕುನ್ ಲಾರಿ ತೊಳೆದು ಬರುವಷ್ಟರಲ್ಲಿ ನಾನು ಎರಡು ಸಲ ಸಾಬೂನು ಹಚ್ಚಿ ಕೈಯ ವಾಸನೆ ಕಳೆದುಕೊಂಡು ಕಾಯುತ್ತಿದ್ದೆ. ಅವನಿಗಿಂತ ನನಗೇ ಆತುರ. ನಮ್ಮ ಫ್ಯಾನು ಜೋರಾಗಿ ತಿರುಗಿದರೆ ಪಕ್ಕದ ಮನೆಯ ಅಜ್ಜಿ ಕೆಮ್ಮುತ್ತಿದ್ದಳು, ಸಂಜೆ ಸಿಕ್ಕಾಗ, “ಏನೇ, ಇವತ್ತು ತುಂಬಾ ಸೆಕೆ ಇತ್ತಾ?” ಎಂದು ಚುಡಾಯಿಸುತ್ತಿದ್ದಳು. ನನಗೆ ನಾಚಿಕೆಯೇ ಆಗುತ್ತಿರಲಿಲ್ಲ. ನನ್ನ ಗಂಡ, ನನ್ನ ಫ್ಯಾನು, ನಿಂದೇನು ಗಂಟು ಹೋಯಿತು ಎನ್ನುತ್ತಿದ್ದೆ.

ಆಪರೇಷನ್ನಿನ ನಂತರ ಎಲ್ಲ ನಿಂತುಹೋಯಿತು. ಮೊದಲು ನೋವು. ಅವನು ಮುಟ್ಟಿದರೆ ಒಳಗೆ ಗಾಜಿನ ಚೂರು ಹೊಕ್ಕ ಹಾಗೆ. ಹಲ್ಲು ಕಚ್ಚಿ ಸಹಿಸಿದೆ. ಬರುಬರುತ್ತ ಆಸೆಯೂ ಹೋಯಿತು. ಅವನ ಕೈ ಹೆಗಲ ಮೇಲೆ ಬಿದ್ದರೆ ಹೆದರಿಕೆಯಾಗುತ್ತಿತ್ತು. “ಕ್ಷಮಿಸು ಆ-ಕುನ್, ಮೈ ಒಪ್ತಿಲ್ಲ” ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅಕ್ಕ ತಂದುಕೊಟ್ಟ ನಾಲ್ಕು ಬೇರಿನ ಕಷಾಯ, ಕಪ್ಪು ಕೋಳಿಯ ಸಾರು, ದೇವಸ್ಥಾನದ ಬೂದಿ ನೀರು, ಎಲ್ಲ ಕುಡಿದೆ. ನಾನೇ ಕಲ್ಲಾದೆ, ನನ್ನ ಮನಸ್ಸೇ ಕೊಳೆತುಹೋಯಿತು ಎಂದುಕೊಂಡೆ. ಐದನೇ ವರ್ಷಕ್ಕೆ ಅವನು ಹಾಸಿಗೆಯನ್ನು ಮಗಳ ಕೋಣೆಗೆ ಒಯ್ದ.

ಇದನ್ನೆಲ್ಲ ಆ ಹುಡುಗಿಗೆ ಹೇಳುತ್ತ ಹೇಳುತ್ತ ಪ್ಲಾಸ್ಟರಿನಿಂದಲೇ ಮೂಗು ಒರೆಸಿಕೊಂಡೆ.

ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. “ಚಿಕ್ಕಮ್ಮ, ಅಂಡಾಶಯ ಬರೀ ಮಕ್ಕಳಾಗೋಕೆ ಇರೋದಲ್ಲ. ಹೆಣ್ಣಿನ ಹಾರ್ಮೋನು ಮಾಡೋದು ಅದೇ. ಸ್ವಲ್ಪ ಗಂಡು ಹಾರ್ಮೋನೂ ಮಾಡುತ್ತೆ, ಹೆಂಗಸರಿಗೂ ಅದು ಬೇಕು. ವಯಸ್ಸಾಗ್ತಾ ಇವು ನಿಧಾನಕ್ಕೆ ಇಳೀತವೆ, ಮೈ ಹೊಂದ್ಕೊಳ್ಳುತ್ತೆ. ಎರಡನ್ನೂ ಕಿತ್ತುಹಾಕಿದ್ರೆ ಒಂದೇ ದಿನಕ್ಕೆ ನೆಲಕ್ಕೆ ಬೀಳುತ್ತೆ. ಒಳಗೆಲ್ಲ ಒಣಗುತ್ತೆ. ಮುಟ್ಟಿದ್ರೆ ನೋಯೋದನ್ನ ಯಾರು ತಾನೇ ಆಸೆಪಡ್ತಾರೆ? ಮೂಳೆ ಸವೆಯೋದೂ ಅದರಿಂದಲೇ. ನಿಮ್ಮ ಕಥೆ ಕೇಳಿದ್ರೆ ನಂಗೆ ಅನುಮಾನ. ಆ ಆಸ್ಪತ್ರೆಯಿಂದ ಹಳೇ ಕಾಗದ ತಂದುಕೊಡಿ.”

“ಅಂದ್ರೆ, ನನ್ನ ತಪ್ಪಲ್ವಾ?”

“ನಿಮ್ಮ ತಪ್ಪು ಅಂತ ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ, ನಾಲ್ಕು ವರ್ಷದ ಹಿಂದೆ, ನಾಲ್ಕು ಜನರ ನಡುವೆ.

ಆಗ ಆ-ಕುನ್‌ನ ಸುದ್ದಿ ಮಾರ್ಕೆಟ್ಟಿನಲ್ಲಿ ಗುಸುಗುಸು ಹರಿದಾಡುತ್ತಿತ್ತು. ಪೇಟೆಯ ಹಿಂದಿನ ಬೀದಿಯಲ್ಲಿ ಗಿರಾಕಿಗಳಿಗೆ ಮೈಕು ಕೊಟ್ಟು ಹಾಡು ಹಾಡಿಸುವ ಟೀ ಅಂಗಡಿ ಇಟ್ಟುಕೊಂಡಿರುವ ಒಬ್ಬ ವಿಧವೆಯ ಮನೆ ಮುಂದೆ ನಮ್ಮ ಲಾರಿ ನಿಲ್ಲುತ್ತದೆ ಎಂದು. ಬೇರೆ ಹೆಂಗಸಾಗಿದ್ದರೆ ಕತ್ತಿ ಹಿಡಿದುಕೊಂಡು ಹೋಗುತ್ತಿದ್ದಳು. ನನ್ನ ಕೈಯಲ್ಲಂತೂ ಯಾವಾಗಲೂ ಕತ್ತಿ ಇರುತ್ತದೆ. ಆದರೆ ನಾನು ಹೋಗಲಿಲ್ಲ. ಐದು ವರ್ಷ ಉಪವಾಸ ಕೆಡವಿದವಳಿಗೆ ಕೇಳುವ ಬಾಯಿ ಎಲ್ಲಿಂದ ಬರಬೇಕು? ನಮ್ಮಲ್ಲಿ ತಪ್ಪು ಮಾಡಿದವರು ನೊಂದವರಿಗೆ ಹಂದಿಕಾಲಿನ ಶಾವಿಗೆ ಮಾಡಿ ಬಡಿಸುತ್ತಾರೆ, ಅವರ ಕೆಟ್ಟ ಗಳಿಗೆ ಕಳೆಯಲಿ ಎಂದು. ನಾನು ಶಾವಿಗೆ ಬೇಯಿಸಿದೆ. ಅತ್ತೆಯ ಮನೆಯ ದುಂಡು ಮೇಜಿನ ಮೇಲೆ ಗಂಡನ ಮುಂದೆ ಬಟ್ಟಲಿಟ್ಟು, ಅತ್ತೆ ಒಂದು ಕಡೆ, ಅಕ್ಕ ಒಂದು ಕಡೆ ಕೂತಿರುವಾಗ ತಲೆ ಬಾಗಿಸಿ ಹೇಳಿದೆ: “ಹೆಂಡತಿಯಾಗಿ ಇರೋಕೆ ನನ್ನ ಕೈಲಿ ಆಗ್ಲಿಲ್ಲ ಆ-ಕುನ್. ತಪ್ಪು ನಂದು. ನೀನು ಹೋಗ್ತೀಯ ಅಂತ ಗೊತ್ತು. ನನ್ನನ್ನ ಮನೆಯಿಂದ ಮಾತ್ರ ಹೊರಗೆ ಹಾಕಬೇಡ.”

ಅತ್ತೆ, “ಒಳ್ಳೆ ಹುಡುಗಿ” ಎಂದರು. ಅಕ್ಕ ಟೀ ಲೋಟದೊಳಗೆ ನೋಡುತ್ತ ಕೂತಿದ್ದಳು. ಆ-ಕುನ್ ಸೊರಸೊರ ಶಾವಿಗೆ ತಿಂದು, ಸಾರನ್ನೂ ಬಟ್ಟಲೆತ್ತಿ ಕುಡಿದ. ನಾನು ಅವನು ನನ್ನನ್ನು ಕ್ಷಮಿಸಿದ ಎಂದುಕೊಂಡು ಅಡುಗೆಮನೆಗೆ ಹೋಗಿ ಸಂತೋಷದಿಂದ ಅತ್ತಿದ್ದೆ. ನೋಡಿ, ಎಂಥ ಪೆದ್ದಿ ನಾನು.

ಹಳೆಯ ಕಾಗದಕ್ಕೆಂದು ನಗರದ ಆ ದೊಡ್ಡ ಆಸ್ಪತ್ರೆಗೆ ಒಬ್ಬಳೇ ಬಸ್ಸು ಹತ್ತಿ ಹೋದೆ. ಎಡಗೈಯಲ್ಲಿ ಅರ್ಜಿ ಗೀಚಿದೆ. ದಾಖಲೆ ಕೋಣೆಯವನು ಐದು ಹಾಳೆ ಅಚ್ಚು ಮಾಡಿ ಕೊಟ್ಟ. ನಾಲ್ಕು ಹಾಳೆ ಇಂಗ್ಲಿಷು, ನನಗೆ ತಲೆಬುಡ ತಿಳಿಯಲಿಲ್ಲ. ಐದನೆಯದು ನಮ್ಮ ಅಕ್ಷರದಲ್ಲಿತ್ತು. ಮೆಟ್ಟಿಲ ಮೇಲೆ ಕೂತು ಓದಿದೆ.

“ಶಸ್ತ್ರಕ್ರಿಯೆಯ ನಡುವೆ ಮನೆಯವರನ್ನು ಕರೆದು ವಿವರಿಸಲಾಗಿದೆ. ಎರಡೂ ಅಂಡಾಶಯಗಳನ್ನು ತೆಗೆಯಲು ಮನೆಯವರು ಒಪ್ಪಿದ್ದಾರೆ. ಮುಟ್ಟು ನಿಂತವರಂತೆ ದೇಹದಲ್ಲಿ ಬದಲಾವಣೆಗಳಾಗಬಹುದು, ದಾಂಪತ್ಯಕ್ಕೆ ತೊಂದರೆಯಾಗಬಹುದು ಎಂದು ತಿಳಿಸಲಾಗಿದೆ. ತೆಗೆದ ಭಾಗಗಳನ್ನು ಮನೆಯವರಿಗೆ ತೋರಿಸಲಾಗಿದೆ.” ಕೆಳಗೆ ಎರಡು ಸಹಿ. ಒಂದು ಕುನ್‌ಮಾವ್, ಗಂಡ. ಇನ್ನೊಂದು ಬಾವ್‌ಜುವಾನ್, ಅಕ್ಕ. ನಮ್ಮ ಅಂಗಡಿಯ ಹಲಗೆಯ ಮೇಲೆ ದಿನಾ ಮೀನಿನ ದರ ಬರೆಯುವ ಅದೇ ಕೈಬರಹ.

ನಿಮಗೆ ಗೊತ್ತಲ್ಲ, ನಮ್ಮ ಕಡೆ ಆಪರೇಷನ್ ಮುಗಿದ ಮೇಲೆ ಡಾಕ್ಟರು ಸಣ್ಣ ಕಿಟಕಿಯ ಹತ್ತಿರ ಮನೆಯವರನ್ನು ಕರೆದು, ತೆಗೆದದ್ದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ತೋರಿಸುತ್ತಾರೆ. ನೋಡಿ, ಇದು, ಇದು, ಇಷ್ಟೇ ತೆಗೆದದ್ದು ಎಂದು. ಯಾರ ಹೊಟ್ಟೆಯದೋ ಅವಳು ಒಳಗೆ ಎಚ್ಚರವಿಲ್ಲದೆ ಬಿದ್ದಿರುತ್ತಾಳೆ. ಅವತ್ತು ಎಚ್ಚರವಾದ ಕೂಡಲೇ ನಾನು ಅಕ್ಕನನ್ನು ಕೇಳಿದ್ದೆ, “ಏನು ತೋರ್ಸಿದ್ರು?” ಎಂದು. “ಗರ್ಭಕೋಶ ಕಣೇ. ಚಕ್ಕೋತದಷ್ಟು ದಪ್ಪ ಇತ್ತು. ಪೀಡೆ ಹೋಯ್ತು, ಮಲ್ಕೋ” ಎಂದು ತುಟಿಗೆ ಒದ್ದೆ ಹತ್ತಿ ಒತ್ತಿದ್ದಳು. ಚಕ್ಕೋತದ ಪಕ್ಕದಲ್ಲಿ ಇನ್ನೆರಡು ಇದ್ದವು. ಅವನು ನೋಡಿದ, ಅವಳು ನೋಡಿದಳು, ಬಾಗಿಲ ಬಳಿಯ ನರ್ಸು ನೋಡಿದಳು. ನನ್ನದನ್ನು ನನಗೊಬ್ಬಳಿಗೆ ತೋರಿಸಲಿಲ್ಲ. ಆಗಲೇ ನನಗೆ ನಗು ಬಂದದ್ದು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಾಗ, ಆ ಹೊಟ್ಟೆ ಖಾಲಿ ಎಂಬುದು ನೆನಪಾಗಿ ಅಳು ಬಂತು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಆ-ಕುನ್ ಹಿತ್ತಿಲಲ್ಲಿ ಪೈಪು ಹಿಡಿದು ಲಾರಿಯ ತೊಟ್ಟಿ ತೊಳೆಯುತ್ತಿದ್ದ. ಹಾಳೆಯನ್ನು ಅವನ ಮುಖದ ಮುಂದೆ ಹಿಡಿದೆ.

“ಇದು ಯಾರ ಸಹಿ?”

ಅವನು ನೋಡಿದ. ನೀರು ನಿಲ್ಲಿಸಲಿಲ್ಲ. “ಇದೆಲ್ಲ ಈಗ ಎಲ್ಲಿಂದ ಕೆದಕಿ ತಂದೆ?”

“ಯಾರ ಸಹಿ ಅಂತ ಕೇಳ್ದೆ.”

“ನಂದೇ. ಆದ್ರೆ ತೆಗೀರಿ ಅಂದಿದ್ದು ನಿಮ್ಮಕ್ಕ. ಡಾಕ್ಟರು ಹೊರಗೆ ಬಂದು, ಅಂಡಾಶಯಾನೂ ಅಂಟ್ಕೊಂಡು ಕೆಟ್ಟಿದೆ, ಒಂದನ್ನ ಉಳಿಸೋಕೆ ನೋಡಬಹುದು, ತೆಗೀಬಹುದು, ಏನ್ಮಾಡ್ಲಿ ಅಂದ್ರು. ನಿಮ್ಮಮ್ಮ ಸತ್ತಿದ್ದು ಅಂಡಾಶಯದ ಕ್ಯಾನ್ಸರಿನಲ್ಲೇ ಅಂತ ನಿಮ್ಮಕ್ಕ ಗೋಳೋ ಅಂತ ಅತ್ಲು. ನಾನು ಪೆನ್ ಹಿಡ್ದೆ, ಅಷ್ಟೆ.”

“ಆಮೇಲೆ ನಂಗೆ ಯಾಕೆ ಹೇಳ್ಲಿಲ್ಲ?”

“ಹೆಂಗಸರು ಇದನ್ನ ಕೇಳಿ ಕುಗ್ಗಿಹೋಗ್ತಾರೆ, ಸಮಯ ನೋಡಿ ಹೇಳಿ ಅಂದಿದ್ರು ಡಾಕ್ಟರು. ಸಮಯ ನೋಡ್ತಾ ನೋಡ್ತಾ ಹಾಗೇ ಹೋಯ್ತು.”

“ಒಂಬತ್ತು ವರ್ಷ ಸಮಯ ನೋಡ್ದ್ಯಾ? ಕ್ಯಾಲೆಂಡರ್ ಏನು ಹಂದಿ ತಿಂತಾ?” ನನ್ನ ದನಿ ಪಕ್ಕದ ಮನೆಯ ತನಕ ಹೋಗಿರಬೇಕು. “ನಾನು ದಿನಾ ನಿನ್ನ ಮುಂದೆ ಮೈ ಒಪ್ತಿಲ್ಲ ಕ್ಷಮಿಸು ಅಂತ ಗೋಗರೀತಿದ್ದೆ. ಯಾಕೆ ಒಪ್ತಿಲ್ಲ ಅಂತ ನಿಂಗೆ ಗೊತ್ತಿತ್ತು. ಅವತ್ತು ಶಾವಿಗೆ ಮುಂದಿಟ್ಟು ತಲೆ ಬಾಗಿಸ್ದೆ. ಆಗಲೂ ಗೊತ್ತಿತ್ತು. ಗೊತ್ತಿದ್ದೂ ತಿಂದ್ಯಲ್ಲೋ, ಸಾರು ಬಿಡದೆ ಕುಡ್ದ್ಯಲ್ಲೋ!”

ಅವನು ಆಗ ಹೇಳಿದ ಮಾತನ್ನು ಸತ್ತರೂ ಮರೆಯಲಾರೆ. ಕೋಪದಿಂದಲೂ ಅಲ್ಲ, ನಾಚಿಕೆಯಿಂದಲೂ ಅಲ್ಲ, ಸುಮ್ಮನೆ ಮೀನಿನ ದರ ಹೇಳುವ ಹಾಗೆ: “ತಪ್ಪು ನಂದು ಅಂತ ನೀನೇ ಅಂದೆ. ನಾನು ಅಂದ್ನಾ?”

ಹಾಳೆ ಮಡಿಚಿಕೊಂಡು ಒಳಗೆ ಬಂದೆ.

ಮರುದಿನ ಅಕ್ಕನ ಸರದಿ. ಕೈ ಮುರಿದಿದ್ದರಿಂದ ನನ್ನ ಪಾಲಿನ ಮೀನನ್ನೂ ಅವಳೇ ಕೊಯ್ಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಎಡಗೈಯಲ್ಲಿ ಚೀಲ ತುಂಬಿಕೊಡುತ್ತಿದ್ದೆ. ಗಿರಾಕಿಗಳು ಕರಗಿದ ಮೇಲೆ ಹಾಳೆಯನ್ನು ಮಣೆಯ ಮೇಲೆ ಇಟ್ಟೆ. ಅವಳು ಓದಲೂ ಇಲ್ಲ. ನೋಡಿದ ಕೂಡಲೇ ಕತ್ತಿ ಕೆಳಗಿಟ್ಟಳು. ಒಂಬತ್ತು ವರ್ಷದಿಂದ ಈ ಹಾಳೆಗಾಗಿಯೇ ಕಾಯುತ್ತಿದ್ದಳೇನೋ.

“ಅಮ್ಮನ ಹೊಟ್ಟೆ ಊದಿದ್ದನ್ನ ನಿಂಗೆ ನೋಡೋಕೆ ಬಿಡ್ಲಿಲ್ಲ, ನೀನು ಚಿಕ್ಕೋಳು. ನಾನು ನೋಡ್ದೋಳು. ತೆಗೀರಿ ಅಂದೆ. ಇವತ್ತು ಕೇಳಿದ್ರೂ ತೆಗೀರಿ ಅಂತೀನಿ” ಎಂದಳು.

“ಅದಕ್ಕೆ ನಿನ್ನ ಕಾಲಿಗೆ ಬೀಳ್ತೀನಿ ಅಕ್ಕ. ನಿಜವಾಗ್ಲೂ. ನಾನು ಎಚ್ಚರ ಇದ್ದಿದ್ರೆ ನಾನೂ ಅದನ್ನೇ ಅಂತಿದ್ನೇನೋ. ನಾನು ಕೇಳ್ತಿರೋದು ಅದಲ್ಲ. ನನ್ನ ಮೈಗೆ ಏನಾಗಿದೆ ಅಂತ ತಿಳೀದೆ ನಾನು ಒದ್ದಾಡ್ತಿದ್ರೆ ನೀನು ಕಷಾಯ ಕಾಯಿಸಿ ಕುಡಿಸಿದೆ. ಅತ್ತೆ ಮನೇಲಿ ನಾನು ತಲೆ ತಗ್ಗಿಸೋ ದಿನ ಬೆಳಿಗ್ಗೆ, ಹಂದಿಕಾಲಿನ ಕೂದಲು ಸುಟ್ಟು ಶುಚಿ ಮಾಡಿಕೊಟ್ಟೋಳು ಯಾರು? ನೀನು! ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ಆಗ್ಲಿಲ್ವಾ?”

ಅಕ್ಕ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. ಕೈ ಒಣಗಿದ ಮೇಲೂ ಒರೆಸುತ್ತಿದ್ದಳು.

“ಹೇಳಿದ್ರೆ ನೀನು ಅವನನ್ನ ಬಿಟ್ಟು ಹೋಗ್ತಿದ್ದೆ. ನಿನ್ನ ಸಿಟ್ಟು ನಂಗೆ ಗೊತ್ತಿಲ್ವಾ? ಲಾರಿ ಅವನದು, ಮೀನು ತರೋನು ಅವನು. ನಿಮ್ಮ ಭಾವ ತೀರ್ಕೊಂಡು ಆಗ ಎರಡು ವರ್ಷ. ಈ ಮಣೆ ಬಿಟ್ರೆ ನಂಗೇನಿತ್ತು?” ಕತ್ತಿಯನ್ನು ಮತ್ತೆ ಕೈಗೆತ್ತಿಕೊಂಡು, “ಗಂಡ ಇಟ್ಕೊಂಡಿದ್ದಾನಲ್ಲ, ಹೇಗೋ ನಡೀತಿದೆ ಅಂದ್ಕೊಂಡೆ ಕಣೇ” ಎಂದಳು.

ಎದುರಿಗೆ ತೋಫು ಅಂಗಡಿಯವಳು ಕಿವಿ ನಿಮಿರಿಸಿ ಕೂತಿದ್ದಳು. ಗಂಡ ಕೈ ಕೊಟ್ಟರೆ ಹೆಂಗಸು ಅಕ್ಕನ ಮನೆಗೆ ಹೋಗಿ ಅಳುತ್ತಾಳೆ. ಅಕ್ಕನೇ ಕೈ ಕೊಟ್ಟರೆ ಎಲ್ಲಿಗೆ ಹೋಗಬೇಕು? ಬಸ್ಸು ಹತ್ತಿ ಕಡಲ ಕಡೆ ಹೋಗಿ, ಉಪ್ಪಿನ ಗದ್ದೆಗಳ ಬದುವಿನ ಮೇಲೆ ಕೂತು, ಹಸಿವಾದಾಗ ವಾಪಸು ಬಂದೆ.

ಡಾಕ್ಟರ್ ವೆಯ್ ಐದೂ ಹಾಳೆ ಓದಿ ನಿಟ್ಟುಸಿರಿಟ್ಟಳು. ಗರ್ಭಕೋಶ ಇಲ್ಲದ್ದರಿಂದ ಹೆಣ್ಣಿನ ಹಾರ್ಮೋನು ಒಂದೇ ಸಾಕು, ಹತ್ತು ವರ್ಷ ದಾಟುವ ಮುಂಚೆ ಬಂದದ್ದು ಒಳ್ಳೆಯದಾಯಿತು ಎಂದು, ತೋಳಿಗೆ ಸವರುವ ಜೆಲ್ ಬರೆದುಕೊಟ್ಟಳು.

“ಇದು ಹಚ್ಚಿದ್ರೆ ಮೊದಲಿನ ಹಾಗೇ ಆಗ್ತೀನಾ?” ಎಂದು ಕೇಳಿದೆ.

“ಬಿಸಿ ಏರೋದು, ನಿದ್ದೆ, ಒಣಗೋದು, ನೋವು, ಇವು ಸರಿಹೋಗ್ತವೆ. ಮೂಳೆಗೂ ಒಳ್ಳೇದು. ಆಸೆ ವಿಷಯದಲ್ಲಿ ಮಾತ್ರ ನಾನು ಮಾತು ಕೊಡಲ್ಲ ಚಿಕ್ಕಮ್ಮ. ಹಾರ್ಮೋನು ತೀರಾ ಕಮ್ಮಿ ಇದ್ದೂ ಗಂಡನ ಜೊತೆ ಖುಷಿಯಾಗಿರೋರನ್ನ ನೋಡಿದ್ದೀನಿ. ಸರಿಯಾಗೇ ಇದ್ದೂ ಗೋಡೆ ಕಡೆ ತಿರುಗಿ ಮಲಗೋರನ್ನೂ ನೋಡಿದ್ದೀನಿ. ರಕ್ತದಲ್ಲಿ ಎಷ್ಟಿದೆ ಅಂತ ಅಳೀಬಹುದು. ಅದಕ್ಕೂ ಆಸೆಗೂ ನೇರ ದಾರಿ ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.”

ದಿನಾ ಸ್ನಾನವಾದ ಮೇಲೆ ಜೆಲ್ ಸವರಿಕೊಂಡೆ. ಯಾರಿಗೂ ಹೇಳಲಿಲ್ಲ, ಆದರೆ ನನ್ನ ಚೀಲದಲ್ಲಿದ್ದ ಟ್ಯೂಬು ಅಕ್ಕನ ಕಣ್ಣಿಗೆ ಬಿದ್ದಿತ್ತು. ಪ್ಲಾಸ್ಟರು ತೆಗೆದರು, ಮತ್ತೆ ಮಣೆಗೆ ಹೋದೆ. ಅಕ್ಕನ ಪಕ್ಕದಲ್ಲೇ ನಿಂತು, “ಕತ್ತಿ ಕೊಡು”, “ಮಂಜುಗಡ್ಡೆ ಹಾಕು” ಇಷ್ಟು ಬಿಟ್ಟು ಒಂದು ಮಾತೂ ಆಡದೆ ತಿಂಗಳು ಕಳೆದೆ. ಮೊದಲು ನಿದ್ದೆ ಬಂತು, ಒಂಬತ್ತು ವರ್ಷದ ಬಾಕಿ ನಿದ್ದೆ. ಆಮೇಲೆ ಬಿಸಿ ಇಳಿಯಿತು. ಮೂರನೇ ತಿಂಗಳಲ್ಲಿ, ಒಂದು ಮಧ್ಯಾಹ್ನ ಒಬ್ಬಳೇ ಚಾಪೆಯ ಮೇಲೆ ಮಲಗಿದ್ದೆ. ಕಿಟಕಿಯಿಂದ ಗಾಳಿ ಬಂದು ಕಾಲ ಮೇಲೆ ಹಾಯಿತು. ಹೊಟ್ಟೆಯ ಕೆಳಗೆ ಮೆಲ್ಲಗೆ ಏನೋ ಕದಲಿತು. ಯಾರ ಮುಖವೂ ನೆನಪಿಗೆ ಬರಲಿಲ್ಲ, ಯಾರ ಕೈಯೂ ಇರಲಿಲ್ಲ, ಆದರೂ ಬೇಕು ಅನ್ನಿಸಿತು. ಅಯ್ಯೋ ದೇವರೇ, ನಾನು ಸತ್ತಿಲ್ಲ ಎಂದುಕೊಂಡೆ. ಒಬ್ಬಳೇ ಎದ್ದು ಕೂತು ಚಿಕ್ಕ ಹುಡುಗಿಯ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕೆ.

ಸಂತೋಷ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ನೋಡಿ, ಅಲ್ಲೇ ನಾನು ಮತ್ತೆ ಎಡವಿದೆ. ಮರುದಿನ ಮೀನು ಕೊಯ್ಯುತ್ತ ಗುನುಗುತ್ತಿದ್ದೆನಂತೆ. ಅಕ್ಕ ಹೆದರಿಕೊಂಡೇ ಕೇಳಿದಳು: “ಔಷಧಿ ಹಿಡೀತಾ ಕಣೇ?” ನನಗೆ ಬಾಚಣಿಗೆ ಹಿಡಿದು ತಲೆ ಬಾಚುತ್ತಿದ್ದ ಅದೇ ದನಿ. ಎದೆ ಕರಗಿತು. ಎಷ್ಟಾದರೂ ಅಕ್ಕ. ಹತ್ತಿರ ಬಾಗಿ ಪಿಸುಗುಟ್ಟಿದೆ. “ನಿನ್ನೆ ಮಧ್ಯಾಹ್ನ… ಬೇಕು ಅನ್ನಿಸ್ತು ಅಕ್ಕ. ಇಷ್ಟು ವರ್ಷ ಆದ್ಮೇಲೆ. ಯಾರಿಗೂ ಹೇಳಬೇಡ.” ಅವಳು ಕಣ್ಣೊರೆಸಿಕೊಂಡಳು. ಕೊರಳಿನ ತಾಯಿತ ಮುಟ್ಟಿ, “ಹೇಳಲ್ಲ” ಎಂದಳು.

ಅದರ ಮಾರನೇ ಮಧ್ಯಾಹ್ನ ನನ್ನ ಕೋಣೆಯ ಬಾಗಿಲು ಸದ್ದಾಯಿತು. ಆ-ಕುನ್ ನಿಂತಿದ್ದ. ಗಡ್ಡ ಹೆರೆದಿದ್ದ, ತಲೆಗೆ ಬಣ್ಣ ಹಚ್ಚಿದ್ದ, ಇಸ್ತ್ರಿ ಮಾಡಿದ ಅಂಗಿ. ಕಂಕುಳಲ್ಲಿ ಅವನ ದಿಂಬು. ಬಂದು ಹಾಸಿಗೆಯ ಅಂಚಿನಲ್ಲಿ ಕೂತ.

“ನಿಂಗೆ ವಾಸಿಯಾಯ್ತಂತೆ” ಎಂದ.

“ಯಾರಂದ್ರು?”

“ನಿಮ್ಮಕ್ಕ. ಬೆಳಿಗ್ಗೆ ಮೀನು ಇಳಿಸುವಾಗ ಹೇಳಿದ್ರು. ಪಾಪ, ಅವರಿಗೂ ಖುಷಿ.” ಅವನ ಮುಖದಲ್ಲೂ ಖುಷಿಯಿತ್ತು. “ಆ ಟೀ ಅಂಗಡಿಯೋಳನ್ನ ಬಿಟ್ಬಿಟ್ಟೆ. ಈಗಷ್ಟೇ ಹೇಳಿ ಬಂದೆ. ಇನ್ನು ಎಲ್ಲಾ ಮೊದಲಿನ ಹಾಗೇ, ಆಯ್ತಾ?”

ಲಾರಿಯ ಹಿಂದೆ, ಮೀನಿನ ಬುಟ್ಟಿಗಳ ನಡುವೆ, ಮತ್ತೆ ಅವರಿಬ್ಬರು. ಮತ್ತೆ ನನ್ನ ಹೊಟ್ಟೆಯ ವಿಷಯ. ನಾನು ಇಲ್ಲದ ಕಡೆ ನಿಂತು, ಇವಳಿಗೆ ಏನಾಗಿದೆ, ಇವಳನ್ನು ಏನು ಮಾಡಬೇಕು ಎಂದು ಮಾತಾಡಿ ಮುಗಿಸಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಆದರೆ ಕೂಗಾಡಲಿಲ್ಲ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. ನಾನು ಕಣ್ಣು ಮುಚ್ಚಿ ಕಾದೆ. ನಿಜ ಹೇಳುತ್ತೇನೆ, ಕಾದೆ. ನೋವಿನ ಹೆದರಿಕೆ ಇರಲಿಲ್ಲ, ಮೈ ಬೆಚ್ಚಗಿತ್ತು. ಅವನ ಕೈ ಮಾತ್ರ ಬಸ್ಸಿನಲ್ಲಿ ಪಕ್ಕದವನದು ತಗುಲಿದ ಹಾಗಿತ್ತು. ತೆಗೆದು ಅವನ ತೊಡೆಯ ಮೇಲಿಟ್ಟೆ.

“ಏನು, ಇನ್ನೂ ಮೈ ಒಪ್ತಿಲ್ವಾ?” ಎಂದ.

“ಮೈ ಒಪ್ಪುತ್ತೆ. ಮೈ ಸರಿಯಾಗೇ ಇದೆ. ನೀನು ಬೇಡ.”

ಅವನಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿ, “ಔಷಧಿ ಸಾಲ್ತಿಲ್ಲ ಅನ್ಸುತ್ತೆ. ಡಾಕ್ಟರನ್ನ ಕೇಳು, ಜಾಸ್ತಿ ಮಾಡ್ತಾರೆ” ಎಂದ.

“ಹೋದ ವಾರ ರಕ್ತ ನೋಡಿದ್ರು. ಎಷ್ಟಿರಬೇಕೋ ಅಷ್ಟಿದೆ ಆ-ಕುನ್.”

ಅವನು ಎದ್ದ. ದಿಂಬು ತೆಗೆದುಕೊಂಡ. ಬಾಗಿಲವರೆಗೆ ಹೋದವನು ಅಲ್ಲೇ ನಿಂತು ನನ್ನ ಕಡೆ ತಿರುಗಿದ. ಏನಕ್ಕೋ ಕಾಯುತ್ತಿದ್ದ. ಯಾವುದಕ್ಕೆ ಎಂದು ನನಗೆ ತಟ್ಟನೆ ಹೊಳೆಯಿತು. ಅಷ್ಟು ವರ್ಷ ಅವನು ಹೀಗೆ ಬಾಗಿಲಲ್ಲಿ ನಿಂತಾಗಲೆಲ್ಲ ನಾನು ಕ್ಷಮಿಸು ಎನ್ನುತ್ತಿದ್ದೆ. ಅದನ್ನು ಕೇಳಿಸಿಕೊಂಡೇ ಹೋಗುವುದು ಅವನಿಗೆ ಅಭ್ಯಾಸ. ಇವತ್ತೂ ನಿಂತ. ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಕೊನೆಗೆ ಅವನೇ ಕಣ್ಣು ತಪ್ಪಿಸಿ, ಬಾಗಿಲೆಳೆದುಕೊಂಡು ಹೋದ.

ಅವನ ಚಪ್ಪಲಿಯ ಸದ್ದು ಮೆಟ್ಟಿಲಿಳಿದ ಮೇಲೆ ನನಗೆ ಅಳು ಬಂತು. ಸಿಟ್ಟಿನ ಅಳು ಎಂದುಕೊಂಡಿದ್ದೆ, ಅದಲ್ಲ. ನನ್ನ ಜೀವಮಾನದಲ್ಲಿ ನಾನು ಬಯಸಿದ್ದು ಅವನೊಬ್ಬನನ್ನೇ. ಅವನು ಕೈಯಿಟ್ಟಾಗ ಒಂದಿಷ್ಟಾದರೂ ಬೇಕು ಅನ್ನಿಸಿದ್ದರೆ, ಆ ಹಾಳೆ, ಆ ಶಾವಿಗೆ, ಅಕ್ಕ, ಟೀ ಅಂಗಡಿಯವಳು, ಎಲ್ಲವನ್ನೂ ಮರೆತುಬಿಡುತ್ತಿದ್ದೆನೇನೋ. ಅನ್ನಿಸಲಿಲ್ಲ.